20 ಕೆ.ಜಿ. ಟೊಮೆಟೊ, 8 ಕೆ.ಜಿ. ಸಾಸ್: ಫ್ರೀಜರಿಗೆ ಒಂದು ಬ್ಯಾಚ್

ಟೊಮೆಟೊ ಹಣ್ಣಿನ ತೂಕದಲ್ಲಿ ನೂರಕ್ಕೆ 94-95 ಪಾಲು ನೀರು. ಸಾಸ್ ಮಾಡುವುದೆಂದರೆ ಆ ನೀರಿನಲ್ಲಿ ಅರ್ಧದಷ್ಟನ್ನು ಹೊರಗೆ ಕಳಿಸುವುದು. ಎಷ್ಟು ಗ್ಯಾಸ್ ಸುಡುತ್ತದೆ, ಎಷ್ಟು ಹೊತ್ತು ಒಲೆ ಮುಂದೆ ನಿಲ್ಲಬೇಕು, ಫ್ರೀಜರಿನಲ್ಲಿ ಎಷ್ಟು ಜಾಗ ಹಿಡಿಯುತ್ತದೆ, ಕರಗಿಸಿದಾಗ ರಸ ಒಂದು ಕಡೆ ನೀರು ಒಂದು ಕಡೆ ಆಗುತ್ತದೋ ಇಲ್ಲವೋ, ಎಲ್ಲ ಈ ನೀರಿನ ಲೆಕ್ಕದಲ್ಲೇ ಇದೆ. ಮಸಾಲೆಯ ಮಾತು ಆಮೇಲೆ.

ಇದು ಬಾಟಲಿಯಲ್ಲಿ ಸಿಗುವ ಸಿಹಿ ಕೆಚಪ್ ಅಲ್ಲ. ಉಪ್ಪು, ಸಕ್ಕರೆ, ವಿನೆಗರ್, ಬೆಳ್ಳುಳ್ಳಿ, ಎಣ್ಣೆ ಏನೂ ಹಾಕದೆ ಬತ್ತಿಸಿದ ಗಟ್ಟಿ ರಸ. ಸಾರು, ಗೊಜ್ಜು, ಟೊಮೆಟೊ ಬಾತ್, ಪಾಸ್ತಾ, ಪಿಜ್ಜಾ ಎಲ್ಲದಕ್ಕೂ ಒಂದೇ ಪ್ಯಾಕೆಟ್. ಅಂಗಡಿಯ ಕೆಚಪ್ ಕಪಾಟಿನಲ್ಲಿ ಕೆಡದೆ ಕೂರುವುದು ವಿನೆಗರ್, ಸಕ್ಕರೆ ಮತ್ತು ಸೋಡಿಯಂ ಬೆಂಜೊಯೇಟ್ ಬಲದಿಂದ. ನಮ್ಮ ರಸಕ್ಕೆ ಅದಾವುದೂ ಇಲ್ಲ, ಚಳಿಯೊಂದೇ ಕಾವಲು. ಆದ್ದರಿಂದ ಇದನ್ನು ಬಾಟಲಿಗೆ ತುಂಬಿ ಹೊರಗಿಡುವ ಯೋಚನೆ ಬೇಡವೇ ಬೇಡ.

ಯಾವಾಗ, ಯಾವ ಹಣ್ಣು

ಬಳ್ಳಾರಿ, ರಾಯಚೂರು, ಕೊಪ್ಪಳದ ಮಟ್ಟಿಗೆ ಸಂಕ್ರಾಂತಿಯಿಂದ ಶಿವರಾತ್ರಿಯವರೆಗಿನ ಹಣ್ಣು ಸಾಸಿಗೆ ಸರಿ. ಬೆಲೆ ಇಳಿದಿರುತ್ತದೆ ಎನ್ನುವುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಬಣ್ಣ. ಟೊಮೆಟೊಗೆ ಕೆಂಪು ಕೊಡುವ ಲೈಕೋಪೀನ್ ಸುಮಾರು 32 ಡಿಗ್ರಿ ದಾಟಿದ ಸೆಕೆಯಲ್ಲಿ ಸರಿಯಾಗಿ ಹುಟ್ಟುವುದಿಲ್ಲ. ಹಳದಿ ಬಣ್ಣದ ಕ್ಯಾರೋಟಿನ್ ಮಾತ್ರ ಹುಟ್ಟುತ್ತಿರುತ್ತದೆ. ಏಪ್ರಿಲ್‌ನಲ್ಲಿ ಗಿಡದಲ್ಲೇ ಹಣ್ಣಾದದ್ದು ಕಿತ್ತಳೆ ಬಣ್ಣಕ್ಕೆ ನಿಲ್ಲುವುದು, ತೊಟ್ಟಿನ ಸುತ್ತ ಹಳದಿ ಉಳಿಯುವುದು ಇದೇ ಕಾರಣಕ್ಕೆ. ಅಂಥ ಹಣ್ಣನ್ನು ಎಷ್ಟು ಬತ್ತಿಸಿದರೂ ಕೆಂಪು ಬರುವುದಿಲ್ಲ, ಇಟ್ಟಂಗಿ ಬಣ್ಣ ಬರುತ್ತದೆ. ಬೇಸಿಗೆಯಲ್ಲೇ ಮಾಡಬೇಕಾಗಿ ಬಂದರೆ ಅರೆ ಹಣ್ಣು ತಂದು ಮನೆಯೊಳಗೆ ತಂಪು ಮೂಲೆಯಲ್ಲಿ, ಒಂದರ ಮೇಲೊಂದು ಒಟ್ಟದೆ, ಮೂರ್ನಾಲ್ಕು ದಿನ ಹರಡಿಡಿ. ಸ್ವಲ್ಪ ಸುಧಾರಿಸುತ್ತದೆ. ಫ್ರಿಜ್ಜಿನಲ್ಲಿ ಇಟ್ಟರೆ ಬಣ್ಣ ಏರುವುದು ಅಲ್ಲಿಗೇ ನಿಲ್ಲುತ್ತದೆ.

ಜವಾರಿ ಹಣ್ಣೊಂದರಲ್ಲೇ ಮಾಡಬೇಕು ಎಂದು ಹಟ ಹಿಡಿಯುವವರಿದ್ದಾರೆ. ರುಚಿಗೆ ಅದು ಸರಿಯೇ, ಆದರೆ ಜವಾರಿಯಲ್ಲಿ ನೀರು ಮತ್ತು ಬೀಜ ಹೆಚ್ಚು, ತಿರುಳು ಕಡಿಮೆ, ಹುಳಿ ಜಾಸ್ತಿ. ರಸ ಅರ್ಧಕ್ಕೆ ಬತ್ತಿದಾಗ ಹುಳಿಯೂ ಇಮ್ಮಡಿಯಾಗುತ್ತದೆ, ಇದನ್ನು ಬಹಳ ಜನ ಮರೆಯುತ್ತಾರೆ. ಬರೀ ಹೈಬ್ರಿಡ್‌ನಲ್ಲಿ ಮಾಡಿದರೆ ಗಟ್ಟಿಯಾಗಿ, ಕೆಂಪಾಗಿ ಬರುತ್ತದೆ, ಬಾಯಿಗೆ ಸಪ್ಪೆ. 14 ಕೆ.ಜಿ. ಹೈಬ್ರಿಡ್‌ಗೆ 6 ಕೆ.ಜಿ. ಜವಾರಿ ಬೆರೆಸಿದರೆ ಎರಡೂ ಹದದಲ್ಲಿ ಸಿಗುತ್ತವೆ. ಹೈಬ್ರಿಡ್‌ನಲ್ಲೂ ಕೈಗೆ ಬಿರುಸಾಗಿ, ಕೊಯ್ದರೆ ಗೋಡೆ ದಪ್ಪಗಿರುವ ಜಾತಿ ನೋಡಿ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಕೊಟ್ಟ ಅರ್ಕಾ ರಕ್ಷಕ್ ಅಂಥದ್ದು. ಮಾರುಕಟ್ಟೆಯಲ್ಲಿ ಜಾತಿಯ ಹೆಸರು ಹೇಳುವವರು ಸಿಗದಿದ್ದರೆ ಒಂದು ಹಣ್ಣು ಅಡ್ಡ ಕೊಯ್ದು ನೋಡುವುದೇ ಪರೀಕ್ಷೆ: ಬೀಜದ ಕೋಣೆಗಿಂತ ತಿರುಳಿನ ಭಾಗ ದೊಡ್ಡದಿರಬೇಕು.

ಎಪಿಎಂಸಿಯಲ್ಲಿ ಕ್ರೇಟ್ ಲೆಕ್ಕದಲ್ಲಿ ಕೊಂಡರೆ ಕಾಟಾದ ಮೇಲೆ ಇಡಿಸಿ, ಕ್ರೇಟಿನ ತೂಕ ಕಳೆಯಿಸಿ. ಸಂಜೆಯ ಹೊತ್ತಿಗೆ ಉಳಿದ ಮೆತ್ತನೆಯ ಹಣ್ಣು ಅಗ್ಗಕ್ಕೆ ಸಿಗುತ್ತದೆ, ಸಾಸಿಗೆ ಅದು ಒಳ್ಳೆಯದೇ. ಒಡೆದು ರಸ ಸೋರಿದ್ದು ಬೇಡ, ಈ ಕಡೆಯ ಶಾಖಕ್ಕೆ ಕೆಲವೇ ಗಂಟೆಗಳಲ್ಲಿ ಅದು ಹುದುಗಲು ಶುರು ಮಾಡಿರುತ್ತದೆ. ಮೂಸಿದರೆ ಗೊತ್ತಾಗುತ್ತದೆ.

ಪಾತ್ರೆ, ಜರಡಿ, ಒಲೆ

ಅಗಲ ಬಾಯಿಯ, ದಪ್ಪ ತಳದ ಸ್ಟೀಲ್ ಡಬರಿ ಎರಡು, ತಲಾ 16ರಿಂದ 18 ಲೀಟರ್. ಒಂದೊಂದಕ್ಕೆ 10 ಕೆ.ಜಿ.ಗಿಂತ ಹೆಚ್ಚು ಬೇಡ, ಮೊದಲ ಕುದಿಗೆ ನೊರೆ ಏರುತ್ತದೆ. ಮದುವೆ ಮನೆಯ ಅಲ್ಯುಮಿನಿಯಂ ಡಬರಿ ಬಾಡಿಗೆಗೆ ಸಿಗುತ್ತದೆಂದು ತರಬೇಡಿ. ಮೂರು ಗಂಟೆ ಹುಳಿ ಕುದಿದರೆ ಅಲ್ಯುಮಿನಿಯಂ ಸವೆದು ರಸಕ್ಕೆ ಲೋಹದ ರುಚಿ ಬರುತ್ತದೆ, ಪಾತ್ರೆಯ ಒಳಗೂ ಚುಕ್ಕೆ ಚುಕ್ಕೆ ತೂತು ಬೀಳುತ್ತದೆ. ಕಬ್ಬಿಣದ ಕಡಾಯಿ ರಸವನ್ನು ಕಪ್ಪಾಗಿಸುತ್ತದೆ. ಹಿತ್ತಾಳೆ, ತಾಮ್ರದ ಕೊಪ್ಪರಿಗೆಯಾದರೆ ಕಲಾಯಿ ಎಲ್ಲೂ ಬಿಟ್ಟಿರಬಾರದು. ಕಲಾಯಿ ಬಗ್ಗೆ ಅನುಮಾನವಿದ್ದರೆ ಆ ಪಾತ್ರೆಯನ್ನು ಸ್ನಾನದ ನೀರಿಗೆ ಬಿಡಿ.

ಜರಡಿಯ ಕಣ್ಣು 1ರಿಂದ 1.5 ಮಿ.ಮೀ. ಇರಬೇಕು. ಟೊಮೆಟೊ ಬೀಜ ಚಪ್ಪಟೆ, ಅಗಲ ಎರಡು ಮೂರು ಮಿ.ಮೀ.; ಇದಕ್ಕಿಂತ ದೊಡ್ಡ ಕಣ್ಣಾದರೆ ಜಾರಿ ಬೀಳುತ್ತದೆ. ಜೋಳದ ಹಿಟ್ಟು ಸಾಣಿಸುವ ಜರಡಿ ತೀರಾ ಸಣ್ಣದು, ಎರಡು ಸೌಟಿಗೆ ಕಣ್ಣು ಕಟ್ಟಿಕೊಳ್ಳುತ್ತದೆ. ರವೆ ಜರಡಿ ಸರಿಹೊಂದುತ್ತದೆ, ಅಂಚು ಮತ್ತು ಜಾಲರಿ ಎರಡೂ ಸ್ಟೀಲಿನದೇ ಇರಲಿ. 15 ಲೀಟರಿನ ಸ್ಟೀಲ್ ಬಕೆಟ್ಟಿನ ಬಾಯಿಗೆ ಕೂರುವ ಅಳತೆಯದು ತಂದರೆ ಒಬ್ಬರೇ ಕೆಲಸ ಮಾಡಬಹುದು. ಬಕೆಟ್ಟನ್ನು ನೆಲದ ಮೇಲಿಡದೆ ಮಂಡಿ ಎತ್ತರದ ಸ್ಟೂಲಿನ ಮೇಲಿಡಿ, 20 ಕೆ.ಜಿ. ತಿಕ್ಕುವಷ್ಟರಲ್ಲಿ ಬೆನ್ನು ಹೇಳುತ್ತದೆ ಏಕೆಂದು. ಒತ್ತಿ ತಿಕ್ಕಲು ಬೇಳೆ ಮಸೆಯುವ ಕಟ್ಟಿಗೆಯ ಗುತ್ತಿ ಅಥವಾ ತಂಬಿಗೆಯ ತಳ. ಕೈಯಿಂದ ತಿರುಗಿಸುವ ಪಲ್ಪರ್ ಯಂತ್ರ ಇದ್ದರೆ ಸಂತೋಷ, ಆದರೆ ವರ್ಷಕ್ಕೆ ಎರಡು ಬ್ಯಾಚ್ ಮಾಡುವವರು ಅದಕ್ಕೆ ದುಡ್ಡು ಹಾಕುವುದು ವ್ಯರ್ಥ.

ಮಿಕ್ಸಿ? ಸಿಪ್ಪೆ, ಬೀಜ ಸಮೇತ ಹಸಿ ಹಣ್ಣು ಮಿಕ್ಸಿಗೆ ಹಾಕಿದರೆ ಮೂರು ತೊಂದರೆ: ಬೀಜ ಒಡೆದು ಕಹಿ ಬಿಡುತ್ತದೆ, ಗಾಳಿ ಸೇರಿ ಗುಲಾಬಿ ನೊರೆಯಾಗುತ್ತದೆ, ಸಿಪ್ಪೆಯ ಚೂರು ಜರಡಿಯಿಂದಲೂ ಇಳಿದು ನಾಲಿಗೆಗೆ ಸಿಗುತ್ತದೆ. ಮಿಕ್ಸಿ ಬೇಕೇ ಬೇಕೆಂದರೆ ಸಾಣಿಸಿದ ಮೇಲೆ ಬಳಸಿ.

ಇನ್ನೊಂದು ಸಾಧನ ಬಿಟ್ಟಿ: ಅಳತೆ ಕೋಲು. ನೇರ ಗೋಡೆಯ ಡಬರಿಗೆ ಕಟ್ಟಿಗೆಯ ಸೌಟು ನೆಟ್ಟಗೆ ಇಳಿಸಿ, ಸಾಣಿಸಿದ ರಸ ಎಲ್ಲಿಗೆ ಬಂತೋ ಅಲ್ಲಿ ಚಾಕುವಿನಿಂದ ಗೀರು ಹಾಕಿ, ಅದರ ಅರ್ಧಕ್ಕೆ ಇನ್ನೊಂದು ಗೀರು. ರಸ ಎರಡನೇ ಗೀರಿಗೆ ಇಳಿದಾಗ ಅರ್ಧ ಬತ್ತಿದೆ ಎಂದರ್ಥ. ಕಣ್ಣಂದಾಜು ಇಲ್ಲಿ ಬಹಳ ಮೋಸ ಮಾಡುತ್ತದೆ. ಮೂರನೇ ಒಂದು ಭಾಗ ಇಳಿದಾಗಲೇ ಅರ್ಧವಾಯಿತು ಅನ್ನಿಸುತ್ತದೆ.

ಒಲೆಯ ಲೆಕ್ಕ ಹೀಗೆ. ಒಂದು ಕೆ.ಜಿ. ನೀರು ಆವಿಯಾಗಲು ಸುಮಾರು 2,257 ಕಿಲೋಜೌಲ್ ಶಾಖ ಬೇಕು. 20 ಕೆ.ಜಿ. ಹಣ್ಣನ್ನು ಕುದಿಗೆ ತಂದು ಅದರಿಂದ 9-10 ಕೆ.ಜಿ. ನೀರು ಹಾರಿಸಲು, ಗ್ಯಾಸ್ ಒಲೆಯ ಶಾಖದಲ್ಲಿ ನೂರಕ್ಕೆ 60 ಪಾಲು ಪಾತ್ರೆಗೆ ಸೇರುತ್ತದೆಂದು ಹಿಡಿದರೂ, ಸುಮಾರು 1 ಕೆ.ಜಿ. ಎಲ್‌ಪಿಜಿ ಖರ್ಚು. 14.2 ಕೆ.ಜಿ. ಸಿಲಿಂಡರಿನಲ್ಲಿ ಹದಿನಾಲ್ಕನೇ ಒಂದು ಪಾಲು. ಮನೆಯ ಒಲೆಯ ದೊಡ್ಡ ಬರ್ನರ್ ಗಂಟೆಗೆ 180 ಗ್ರಾಂ ಆಸುಪಾಸು ಸುಡುತ್ತದೆ. ಹಾಗಾಗಿ ಎರಡು ಬರ್ನರಿನ ಮೇಲೆ ಎರಡು ಡಬರಿ ಇಟ್ಟರೆ ಮೂರರಿಂದ ಮೂರೂವರೆ ಗಂಟೆ, ಒಂದೇ ಬರ್ನರ್ ಆದರೆ ಆರು ಗಂಟೆ ದಾಟುತ್ತದೆ. ಹೋಟೆಲಿನ ಭಟ್ಟಿ ಬರ್ನರ್ ಬೇಗ ಮುಗಿಸುತ್ತದೆ, ತಳ ಹಿಡಿಸುವುದರಲ್ಲೂ ಅಷ್ಟೇ ಬೇಗ.

ಹಿತ್ತಲಲ್ಲಿ ಕಟ್ಟಿಗೆ ಒಲೆ ಹೂಡುವವರಿಗೆ ಹೇಳುವುದು ಇಷ್ಟು: ಮೊದಲ ಕುದಿ ಬರಿಸಲು ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ ಸಾಕು, ಭಗ್ಗನೆ ಉರಿಯುತ್ತವೆ. ಬತ್ತಿಸುವಾಗ ಬಳ್ಳಾರಿ ಜಾಲಿ. ಅದರ ಉರಿ ಗಟ್ಟಿ, ಕೆಂಡ ನಿಲ್ಲುತ್ತದೆ, ಕೊನೆಯ ಅರ್ಧ ಗಂಟೆಯನ್ನು ಬರೀ ಕೆಂಡದ ಮೇಲೆ ಮುಗಿಸಬಹುದು. ಕಟ್ಟಿಗೆ ಚೆನ್ನಾಗಿ ಒಣಗಿರಬೇಕು. ಬತ್ತಿಸುವ ಪಾತ್ರೆಗೆ ಮುಚ್ಚಳ ಹಾಕುವಂತಿಲ್ಲ, ಹೊಗೆ ಸುತ್ತಿದರೆ ಸಾಸು ಹೊಗೆ ವಾಸನೆ ಎಳೆದುಕೊಳ್ಳುತ್ತದೆ.

ಬ್ಯಾಚ್

ಬೆಳಗ್ಗೆ 6 ಗಂಟೆ. ಹಣ್ಣು ತೊಳೆಯುವ ಮೊದಲು ನೆರಳಿನಲ್ಲಿ ಒಂದಷ್ಟು ಹೊತ್ತು ಇದ್ದಿರಬೇಕು. ಬಿಸಿಲಿಗೆ ಕಾದ ಹಣ್ಣನ್ನು ತಣ್ಣೀರಿಗೆ ಹಾಕಿದರೆ ಒಳಗಿನ ಗಾಳಿ ಕುಗ್ಗಿ, ತೊಟ್ಟು ಕಿತ್ತ ಜಾಗದಿಂದ ಹಣ್ಣು ನೀರು ಹೀರುತ್ತದೆ, ನೀರಿನ ಕೊಳೆಯೂ ಅದರೊಂದಿಗೆ ಒಳಗೆ. ಮೊದಲ ತೊಳೆತಕ್ಕೆ ಬೋರ್ ನೀರು ಸಾಕು, ಒಂದೊಂದು ಹಣ್ಣನ್ನೂ ಉಜ್ಜಿ. ಅದಿರು ಲಾರಿ ಓಡುವ ರಸ್ತೆ ಬದಿಯಲ್ಲಿ ಕೊಂಡಿದ್ದರೆ ಇನ್ನೊಮ್ಮೆ. ಬೋರ್ ನೀರು ಸವಳಾಗಿದ್ದರೆ ಕೊನೆಯ ತೊಳೆತಕ್ಕೆ ಶುದ್ಧ ಕುಡಿಯುವ ನೀರಿನ ಘಟಕದಿಂದ ಒಂದು 20 ಲೀಟರ್ ಕ್ಯಾನ್ ತಂದಿಟ್ಟುಕೊಳ್ಳಿ. ತಣಿಸುವಾಗಲೂ ಅದು ಬೇಕಾಗುತ್ತದೆ.

ಹೆಚ್ಚುವಾಗ ತೊಟ್ಟಿನ ಗಟ್ಟಿ ಭಾಗ, ಹಸಿರು ಹೆಗಲು, ಹುಳ ಕೊರೆದ ಜಾಗ ಕತ್ತರಿಸಿ ಎಸೆಯಿರಿ. ಹಣ್ಣಿನ ತುದಿ ಕಪ್ಪಾಗಿ ಒಣಗಿದ್ದರೆ ಅದು ಗಿಡಕ್ಕೆ ಸುಣ್ಣದಂಶ ಸರಿಯಾಗಿ ಸಿಗದೆ ಬಂದದ್ದು. ಅಷ್ಟು ಭಾಗ ತೆಗೆದರೆ ಉಳಿದದ್ದು ಬಳಸಬಹುದು. ಬೂಷ್ಟು ಹಿಡಿದದ್ದು, ಒಳಗೆ ಕಪ್ಪು ಪುಡಿ ಕಂಡದ್ದು ಇಡೀ ಹಣ್ಣೇ ಹೊರಗೆ. 20 ಕೆ.ಜಿ.ಯಲ್ಲಿ ಮುಕ್ಕಾಲರಿಂದ ಒಂದು ಕೆ.ಜಿ. ಹೀಗೆ ಹೋಗುತ್ತದೆ.

ಈಗ ಇಡೀ ಕೆಲಸದ ಮುಖ್ಯ ಘಟ್ಟ. ಟೊಮೆಟೊ ಗಟ್ಟಿಯಾಗಿ ನಿಲ್ಲುವುದು ತಿರುಳನ್ನು ಹಿಡಿದಿಡುವ ಅಂಟಾದ ಪೆಕ್ಟಿನ್‌ನಿಂದ. ಹಣ್ಣು ಹೆಚ್ಚಿದ ಗಳಿಗೆಯಿಂದಲೇ ಅದರದೇ ಕಿಣ್ವಗಳು ಆ ಪೆಕ್ಟಿನ್ನನ್ನು ಕತ್ತರಿಸತೊಡಗುತ್ತವೆ. ಬೆಚ್ಚಗಿದ್ದಷ್ಟೂ ಅವಕ್ಕೆ ಹುರುಪು, 85-90 ಡಿಗ್ರಿ ಮುಟ್ಟಿದರೆ ಸಾಯುತ್ತವೆ. 20 ಕೆ.ಜಿ. ಪೂರ್ತಿ ಹೆಚ್ಚಿ ರಾಶಿ ಹಾಕಿಕೊಂಡು, ಆಮೇಲೆ ಒಂದೇ ಸಲ ಡಬರಿಗೆ ಸುರಿದು ಸಣ್ಣ ಉರಿಯಲ್ಲಿ ನಿಧಾನ ಕಾಯಿಸುವುದು ಕಿಣ್ವಗಳಿಗೆ ಹಬ್ಬ ಮಾಡಿಕೊಟ್ಟ ಹಾಗೆ. ಅಂಥ ರಸ ಎಷ್ಟು ಬತ್ತಿಸಿದರೂ ತಟ್ಟೆಯಲ್ಲಿ ನೀರು ಬಿಡುತ್ತದೆ, ಫ್ರೀಜರಿನಿಂದ ಹೊರಬಂದಾಗ ಇನ್ನೂ ಹೆಚ್ಚು ಬಿಡುತ್ತದೆ.

ಆದ್ದರಿಂದ ಒಂದೊಂದು ಡಬರಿಗೆ ಮೊದಲು ಬರೀ ಒಂದೂವರೆ ಕೆ.ಜಿ. ಹಣ್ಣು ನಾಲ್ಕು ಹೋಳು ಮಾಡಿ ಹಾಕಿ, ಗುತ್ತಿಯಿಂದ ಜಜ್ಜಿ, ಪೂರ್ತಿ ಉರಿಯಲ್ಲಿ ಕುದಿಗೆ ತನ್ನಿ. ತಳ ಹಿಡಿಯದಿರಲು ನೀರು ಸೇರಿಸಬೇಡಿ, ಅದನ್ನೂ ಆಮೇಲೆ ನೀವೇ ಹಾರಿಸಬೇಕು. ಜಜ್ಜಿದ ರಸವೇ ಸಾಕು. ಕುದಿ ಬಂದ ಮೇಲೆ ಒಬ್ಬರು ಹೆಚ್ಚುತ್ತಾ ಹೋಗುವುದು, ಇನ್ನೊಬ್ಬರು ಬೊಗಸೆ ಬೊಗಸೆಯಾಗಿ ಹಾಕುತ್ತಾ ಹೋಗುವುದು. ಕುದಿ ನಿಂತರೆ ಹಾಕುವುದನ್ನು ನಿಲ್ಲಿಸಿ, ಮತ್ತೆ ಕುದಿ ಬಂದ ಮೇಲೆ ಮುಂದಿನ ಬೊಗಸೆ. ಹೀಗೆ 10 ಕೆ.ಜಿ. ಇಳಿಯಲು 40ರಿಂದ 50 ನಿಮಿಷ. ಈ ಹಂತದಲ್ಲಿ ಮುಚ್ಚಳ ಹಾಕಬಹುದು, ಬೇಗ ಕಾಯುತ್ತದೆ. ಕೊನೆಯ ಬೊಗಸೆ ಬಿದ್ದ ಮೇಲೆ ಇನ್ನೂ 10 ನಿಮಿಷ ಕುದಿದರೆ ಸಿಪ್ಪೆ ಸುರುಳಿ ಸುತ್ತಿ ತಿರುಳಿನಿಂದ ಬಿಡುತ್ತದೆ.

ಇದಕ್ಕೆ ಪೂರ್ತಿ ವಿರುದ್ಧದ ದಾರಿಯೂ ಒಂದಿದೆ. ಹೆಚ್ಚಿದ ಹಣ್ಣನ್ನು ಬೇಕೆಂದೇ ಅರ್ಧ ಗಂಟೆ ಬಿಟ್ಟು, ಬಟ್ಟೆಯಲ್ಲಿ ತೂಗುಹಾಕಿ ತಿಳಿ ನೀರು ಬಸಿದು, ಉಳಿದ ತಿರುಳನ್ನಷ್ಟೇ ಬೇಯಿಸುವುದು. ಗ್ಯಾಸ್ ಬಹಳ ಉಳಿಯುತ್ತದೆ. ಆದರೆ ಹುಳಿ, ಸಿಹಿ, ಪರಿಮಳದ ಒಂದು ಪಾಲು ಆ ತಿಳಿಯೊಂದಿಗೇ ಹೊರಟುಹೋಗುತ್ತದೆ. ಅದನ್ನು ಅದೇ ದಿನ ತಿಳಿ ಸಾರಿಗೆ ಬಳಸುವುದಾದರೆ ತಪ್ಪೇನಿಲ್ಲ. ಚರಂಡಿಗೆ ಚೆಲ್ಲುವುದಾದರೆ ಬೇಡ.

8 ಗಂಟೆ ಸುಮಾರಿಗೆ ಸಾಣಿಸುವುದು. ಬಿಸಿ ಇದ್ದಾಗಲೇ ಸಾಣಿಸಿ, ತಣಿದರೆ ತಿರುಳು ಸಿಪ್ಪೆಗೆ ಅಂಟುತ್ತದೆ. ಜರಡಿಗೆ ಒಂದು ಸಲಕ್ಕೆ ಎರಡು ಸೌಟಿಗಿಂತ ಹೆಚ್ಚು ಬೇಡ. ಜರಡಿಯ ಹೊರತಳದಲ್ಲಿ ಗಟ್ಟಿ ತಿರುಳು ಅಂಟಿಕೊಂಡಿರುತ್ತದೆ, ಆಗಾಗ ಚಮಚದಿಂದ ಬಳಿದು ಬಕೆಟ್ಟಿಗೆ ಹಾಕಿ, ಸಾಸಿನ ಅತಿ ಒಳ್ಳೆಯ ಭಾಗ ಅದೇ. ಸಿಪ್ಪೆ, ಬೀಜ ಎಲ್ಲ ಒಟ್ಟಾದ ಮೇಲೆ ಅದಕ್ಕೆ ಎರಡು ಸೌಟು ಬಿಸಿ ರಸ ಕಲಸಿ ಇನ್ನೊಮ್ಮೆ ತಿಕ್ಕಿ. ಸಿಪ್ಪೆಯ ಕೆಳಗಿನ ಪದರದಲ್ಲೇ ಬಣ್ಣ ಹೆಚ್ಚು, ಎರಡನೇ ಸುತ್ತಿಗೆ ಇಳಿಯುವುದು ಕಡು ಕೆಂಪಾಗಿರುತ್ತದೆ. ಕೊನೆಗೆ ಉಳಿಯುವ ಹಿಪ್ಪೆ ಒಂದೂವರೆ ಕೆ.ಜಿ. ಆಸುಪಾಸು ಇದ್ದರೆ ಸರಿ. ಎರಡೂವರೆ ಇದ್ದರೆ ತಿಕ್ಕಿದ್ದು ಸಾಲದು. ರಸ 16ರಿಂದ 17 ಕೆ.ಜಿ. ಬರಬೇಕು.

8:30ರಿಂದ ಬತ್ತಿಸುವುದು. ಕೋಲಿಗೆ ಗೀರು ಹಾಕಿಕೊಂಡು ಎರಡೂ ಬರ್ನರ್ ಪೂರ್ತಿ ಉರಿ. ಮೊದಲ ಒಂದು ಗಂಟೆ ರಸ ನೀರಾಗಿರುತ್ತದೆ, ಐದು ನಿಮಿಷಕ್ಕೊಮ್ಮೆ ತಿರುವಿದರೆ ಸಾಕು. ಮೇಲೆ ಬರುವ ತಿಳಿ ನೊರೆ ತೆಗೆಯಬೇಕಿಲ್ಲ, ತಾನೇ ಇಂಗುತ್ತದೆ. ಮೂರನೇ ಒಂದು ಪಾಲು ಇಳಿದ ಮೇಲೆ ಗುಳ್ಳೆಯ ಸದ್ದು ಬದಲಾಗುತ್ತದೆ: ಸಳಸಳ ಹೋಗಿ ಬುಳಕ್ ಬುಳಕ್. ಅಲ್ಲಿಂದ ಉರಿ ಅರ್ಧಕ್ಕೆ. ಗಟ್ಟಿ ರಸದಲ್ಲಿ ತಳದ ಆವಿ ಮೇಲೆ ಬರಲು ದಾರಿ ಸಿಗದೆ ಸಿಕ್ಕಿಕೊಂಡು, ಒಮ್ಮೆಗೇ ಒಡೆದು ಸಿಡಿಯುತ್ತದೆ. ಆ ಹನಿ ಚರ್ಮಕ್ಕೆ ಅಂಟಿ ಸುಡುತ್ತದೆ, ಕುದಿನೀರಿನ ಹಾಗೆ ಜಾರಿ ಹೋಗುವುದಿಲ್ಲ. ಉದ್ದ ಹಿಡಿಯ ಸೌಟು, ತುಂಬು ತೋಳಿನ ಅಂಗಿ, ಪಾತ್ರೆಯ ಮೇಲೆ ಬೋರಲು ಹಾಕಿದ ಜಾಲರಿ, ಮೂರೂ ಬೇಕು. ಮಕ್ಕಳು ಅಡುಗೆಮನೆಯಿಂದ ಹೊರಗೆ.

ಕೊನೆಯ ಮುಕ್ಕಾಲು ಗಂಟೆ ಪಾತ್ರೆಯ ಕೆಳಗೆ ದಪ್ಪನೆಯ ರೊಟ್ಟಿ ಹಂಚು ಇಡಿ, ಉರಿ ಒಂದೇ ಕಡೆ ತಾಗದೆ ಹರಡುತ್ತದೆ. ತಿರುವುವುದು ಸುತ್ತು ಸುತ್ತಾಗಿ ಅಲ್ಲ, ಸೌಟಿನ ಅಂಚು ತಳಕ್ಕೆ ತಾಗುವಂತೆ ಈ ಗೋಡೆಯಿಂದ ಆ ಗೋಡೆಗೆ. ತಳ ಹಿಡಿದ ವಾಸನೆ ಬಂದರೆ ಕೆರೆಯಲೇಬೇಡಿ. ಒಲೆ ಆರಿಸಿ, ಮೇಲಿನ ರಸವನ್ನು ತಕ್ಷಣ ಬೇರೆ ಪಾತ್ರೆಗೆ ಬಗ್ಗಿಸಿ, ತಳದ ಒಂದು ಬೆರಳು ದಪ್ಪವನ್ನು ಹಾಗೆಯೇ ಬಿಟ್ಟುಬಿಡಿ. ಕೆರೆದು ಕಲಸಿದರೆ ಇಡೀ ಬ್ಯಾಚ್ ಕಹಿ.

ಆಯಿತೋ ಇಲ್ಲವೋ ಎನ್ನಲು ಗೀರಿನ ಜೊತೆ ತಟ್ಟೆ ಪರೀಕ್ಷೆ: ತಣ್ಣಗಿನ ಸ್ಟೀಲ್ ತಟ್ಟೆಯ ಮೇಲೆ ಒಂದು ಚಮಚ ಹಾಕಿ ಒಂದು ನಿಮಿಷ ಬಿಡಿ. ಗುಡ್ಡೆಯ ಸುತ್ತ ತಿಳಿ ನೀರಿನ ಉಂಗುರ ಬಂದರೆ ಇನ್ನೂ ಬತ್ತಬೇಕು. ದಾಳಿಂಬೆ, ದ್ರಾಕ್ಷಿ ಬೆಳೆಯುವವರ ಹತ್ತಿರ ರಸದಲ್ಲಿ ಕರಗಿದ ಸಕ್ಕರೆಯಂಥ ಅಂಶ ಅಳೆಯುವ ಬ್ರಿಕ್ಸ್ ಮೀಟರ್ ಇದ್ದರೆ ಇನ್ನೂ ಖಚಿತ. ಹಸಿ ರಸ 4ರಿಂದ 5 ತೋರಿಸುತ್ತದೆ, 9ರಿಂದ 10 ಬಂದಾಗ ನಿಲ್ಲಿಸಿ. ಬಿಸಿ ರಸದಲ್ಲಿ ಓದು ತಪ್ಪು ಬರುತ್ತದೆ, ಹನಿ ತಣಿಯಲಿ. ಇದಕ್ಕಿಂತ ಗಟ್ಟಿ ಮಾಡಬಹುದು, ಆದರೆ 10 ದಾಟಿದ ಮೇಲೆ ತಳ ಹಿಡಿಯುವ ಭಯ ದುಪ್ಪಟ್ಟು, ಬಣ್ಣವೂ ಕಂದಲು ಶುರು. ಫ್ರೀಜರಿನಲ್ಲಿ ಎರಡು ಲೀಟರ್ ಜಾಗ ಉಳಿಸಲು ಅಷ್ಟು ಒದ್ದಾಡುವುದರಲ್ಲಿ ಅರ್ಥವಿಲ್ಲ.

11 ಗಂಟೆ ಹೊತ್ತಿಗೆ ಎರಡೂ ಡಬರಿ ಸೇರಿ 8 ಕೆ.ಜಿ. ಚಿಲ್ಲರೆ.

ತಣಿಸುವುದು

ಎಚ್ಚರ ತಪ್ಪುವುದು ಇಲ್ಲೇ, ಒಲೆಯ ಕೆಲಸ ಮುಗಿಯಿತೆಂದು ಎಲ್ಲರೂ ಕೂತುಬಿಡುತ್ತಾರೆ. ಡಬರಿಯಲ್ಲೇ ಮುಚ್ಚಿಟ್ಟ 4 ಕೆ.ಜಿ. ಗಟ್ಟಿ ರಸದ ನಡುಭಾಗ ಸಂಜೆಯಾದರೂ ಬೆಚ್ಚಗಿರುತ್ತದೆ, ಅದು ಸೂಕ್ಷ್ಮಜೀವಿಗಳಿಗೆ ಬೇಕಾದ ಬೆಚ್ಚನೆ. ಗುರಿ ಇದು: ಎರಡು ಗಂಟೆಯೊಳಗೆ 20 ಡಿಗ್ರಿ ಹತ್ತಿರಕ್ಕೆ, ಅಲ್ಲಿಂದ ನಾಲ್ಕು ಗಂಟೆಯೊಳಗೆ 5 ಡಿಗ್ರಿಗೆ.

ರಸವನ್ನು ನಾಲ್ಕು ಅಗಲ ಸ್ಟೀಲ್ ಪರಾತಗಳಿಗೆ ಎರಡು ಮೂರು ಸೆಂ.ಮೀ. ಆಳಕ್ಕೆ ಹರಡಿ. ಪರಾತದ ಕೆಳಗೆ ಒದ್ದೆ ಗೋಣಿಚೀಲ, ಮೇಲೆ ಒಗೆದ ತೆಳು ಪಂಚೆ, ಪಕ್ಕಕ್ಕೆ ಫ್ಯಾನ್. ಚಳಿಗಾಲದಲ್ಲಿ ಈ ಸೀಮೆಯ ಗಾಳಿ ಒಣದು. ಒದ್ದೆ ಗೋಣಿಯ ನೀರು ಆರುವಾಗ ಶಾಖ ಎಳೆದುಕೊಂಡು ಹೋಗುತ್ತದೆ, ಮಂಗಳೂರಿನಲ್ಲಿ ಈ ಉಪಾಯ ಇಷ್ಟು ನಡೆಯುವುದಿಲ್ಲ. ಅರ್ಧ ಗಂಟೆಯಲ್ಲಿ ಕೈ ಇಡುವಷ್ಟಕ್ಕೆ ಬರುತ್ತದೆ. ಆಮೇಲೆ ಪರಾತವನ್ನು ಐಸ್ ಹಾಕಿದ ಟಬ್ಬಿನಲ್ಲಿ ತೇಲಿಸಿ, ತಿರುವಿ. ಐಸ್ ಕಾರ್ಖಾನೆಯ ಮಂಜುಗಡ್ಡೆ ಹೊರಗಿನಿಂದ ತಣಿಸಲು ಮಾತ್ರ, ಅದರ ಒಂದು ಹನಿಯೂ ರಸಕ್ಕೆ ಬೀಳಬಾರದು. ಏಪ್ರಿಲ್, ಮೇ ತಿಂಗಳಾದರೆ ಗಾಳಿಯೇ 40 ಡಿಗ್ರಿ, ತಾರಸಿ ಟ್ಯಾಂಕಿನ ನೀರು ಸ್ನಾನಕ್ಕೆ ಕಾಯಿಸಿದ ಹಾಗಿರುತ್ತದೆ. ಐಸ್ ಇಲ್ಲದೆ ಆಗ ಈ ಕೆಲಸಕ್ಕೆ ಕೈ ಹಾಕಬೇಡಿ. ಬಿಸಿ ಪರಾತವನ್ನು ನೇರ ಫ್ರಿಜ್ಜಿಗೆ ತಳ್ಳಿದರೆ ಒಳಗಿದ್ದ ಹಾಲು, ಮೊಸರಿಗೂ ಕಂಟಕ.

ಪ್ಯಾಕೆಟ್ ಮತ್ತು ಫ್ರೀಜರ್

18×20 ಸೆಂ.ಮೀ. ಅಳತೆಯ, ಆಹಾರಕ್ಕೆ ಯೋಗ್ಯವಾದ ದಪ್ಪ ಜಿಪ್ ಚೀಲ, ಒಂದಕ್ಕೆ 400 ಗ್ರಾಂ. ಕಿರಾಣಿ ಅಂಗಡಿಯ ತೆಳು ಕವರ್ ಚಳಿಗೆ ಬಿರುಸಾಗಿ ಸೀಳುತ್ತದೆ. ತುಂಬುವಾಗ ಚೀಲದ ಬಾಯಿಯನ್ನು ಹೊರಮಡಿಚಿ ಲೋಟದಲ್ಲಿ ನಿಲ್ಲಿಸಿ. ಜಿಪ್ಪಿನ ಹಲ್ಲಿಗೆ ರಸ ತಾಗಿದರೆ ಅದು ಸರಿಯಾಗಿ ಕಚ್ಚುವುದಿಲ್ಲ. ಗಾಳಿ ತೆಗೆಯಲು ಯಂತ್ರ ಬೇಡ: ಜಿಪ್ಪನ್ನು ಒಂದು ಮೂಲೆ ಬಿಟ್ಟು ಹಾಕಿ, ಚೀಲವನ್ನು ನೀರಿನ ಬಕೆಟ್ಟಿಗೆ ಬಾಯಿಯವರೆಗೆ ಇಳಿಸಿ, ನೀರಿನ ಒತ್ತಡಕ್ಕೆ ಗಾಳಿ ಹೊರಬಂದ ಮೇಲೆ ಮೂಲೆ ಮುಚ್ಚಿ. ಆಮೇಲೆ ತಟ್ಟೆಯ ಮೇಲೆ ಮಲಗಿಸಿ ಅಂಗೈಯಿಂದ ಎರಡು ಸೆಂ.ಮೀ. ದಪ್ಪಕ್ಕೆ ಸಮ ಮಾಡಿ. ಚಪ್ಪಟೆ ಚೀಲ ರಾತ್ರಿ ಇಟ್ಟರೆ ಬೆಳಗ್ಗೆ ಗಟ್ಟಿ. ಅದೇ ಎರಡು ಲೀಟರಿನ ಡಬ್ಬಿಯ ನಡುಭಾಗ ಗಟ್ಟಿಯಾಗಲು ಒಂದು ದಿನ ದಾಟುತ್ತದೆ, ಕರಗಿಸಲೂ ಅಷ್ಟೇ ಹೊತ್ತು. ನಿಧಾನ ಹೆಪ್ಪುಗಟ್ಟಿದಷ್ಟೂ ಮಂಜಿನ ಹರಳು ದೊಡ್ಡದು, ಕರಗಿಸಿದಾಗ ಬಿಡುವ ನೀರೂ ಹೆಚ್ಚು.

ಸ್ಟೀಲ್ ಡಬ್ಬಿ ಬಳಸುವವರು ಮೇಲೆ ಎರಡು ಸೆಂ.ಮೀ. ಖಾಲಿ ಬಿಡಿ. ನೀರು ಮಂಜಾದಾಗ ಸುಮಾರು ನೂರಕ್ಕೆ 9ರಷ್ಟು ಹಿಗ್ಗುತ್ತದೆ. ಗಾಜಿನ ಬಾಟಲಿ ಒಡೆಯುತ್ತದೆ, ಆ ಚೂರು ಸಾಸಿನಲ್ಲಿ ಹುಡುಕುವುದು ಯಾರಿಗೂ ಬೇಡ.

ಒಂದೇ ದಿನ 20 ಪ್ಯಾಕೆಟ್ ಫ್ರೀಜರಿಗೆ ತುರುಕಬೇಡಿ. 28 ಲೀಟರ್ ಜಾಗಕ್ಕೆ ದಿನಕ್ಕೆ ಒಂದರಿಂದ ಒಂದೂಕಾಲು ಕೆ.ಜಿ. ಹೊಸ ಸರಕು ಎನ್ನುವುದು ಸುರಕ್ಷಿತ ಅಂದಾಜು. 200 ಲೀಟರಿನ ಡೀಪ್ ಫ್ರೀಜರ್ ಇದ್ದವರು ಒಂದೇ ದಿನ ಮುಗಿಸಬಹುದು. ಎರಡು ಬಾಗಿಲಿನ ಫ್ರಿಜ್ಜಿನ 50-60 ಲೀಟರ್ ಫ್ರೀಜರಾದರೆ ದಿನಕ್ಕೆ ಐದಾರು ಪ್ಯಾಕೆಟ್, ಉಳಿದವು ಕೆಳಗೆ ತಣ್ಣಗಿರಲಿ, ಮೂರು ನಾಲ್ಕು ದಿನದಲ್ಲಿ ಮುಗಿಯುತ್ತದೆ. ಗಟ್ಟಿಯಾದ ಮೇಲೆ ನಿಲ್ಲಿಸಿ ಜೋಡಿಸಿದರೆ 20 ಪ್ಯಾಕೆಟ್‌ಗೆ 10 ಲೀಟರ್ ಜಾಗ ಸಾಕು. ಒಂದು ಬಾಗಿಲಿನ ಫ್ರಿಜ್ಜಿನ ಪುಟ್ಟ ಪೆಟ್ಟಿಗೆ ಈ ಪ್ರಮಾಣಕ್ಕೆ ಆಗದು; ನಾಲ್ಕೈದು ಪ್ಯಾಕೆಟ್ ಇಟ್ಟು ಒಂದೆರಡು ತಿಂಗಳಲ್ಲಿ ಖಾಲಿ ಮಾಡಿ. ಮೈನಸ್ 18 ಡಿಗ್ರಿ ನಿಲ್ಲುವ ಫ್ರೀಜರಿನಲ್ಲಿ 8ರಿಂದ 10 ತಿಂಗಳು ರುಚಿ ಕೆಡುವುದಿಲ್ಲ, ಅಂದರೆ ಜನವರಿಯದ್ದು ಬೇಸಿಗೆ, ಮಳೆಗಾಲದ ದುಬಾರಿ ತಿಂಗಳುಗಳನ್ನು ದಾಟುತ್ತದೆ. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದ್ದು ಯಾರೂ ಮರೆತಿಲ್ಲ.

ಚೀಲದ ಮೇಲೆ ತಿಂಗಳು ಮತ್ತು ತೂಕವನ್ನು ತುಂಬುವ ಮೊದಲೇ ಮಾರ್ಕರಿನಲ್ಲಿ ಬರೆಯಿರಿ. ತಣ್ಣಗೆ ಒದ್ದೆಯಾದ ಚೀಲದ ಮೇಲೆ ಶಾಯಿ ಹತ್ತುವುದಿಲ್ಲ.

ಕೆಟ್ಟರೆ ಏಕೆ ಕೆಟ್ಟಿತು

ಕರಗಿಸಿದಾಗ ನೀರು ಬೇರೆ ತಿರುಳು ಬೇರೆ: ಮೊದಲ ಕುದಿ ನಿಧಾನವಾಯಿತು. ಐದು ನಿಮಿಷ ತಿರುವುತ್ತಾ ಕುದಿಸಿದರೆ ಊಟಕ್ಕೆ ಸಾಕಷ್ಟು ಹೊಂದಿಕೊಳ್ಳುತ್ತದೆ. ಕಹಿಯಾಗಿದ್ದರೆ ಮಿಕ್ಸಿಯಲ್ಲಿ ಒಡೆದ ಬೀಜ, ಹಸಿರು ಹೆಗಲು ಅಥವಾ ತಳ ಹಿಡಿದದ್ದು, ಈ ಮೂರರಲ್ಲಿ ಒಂದು. ಬೆಲ್ಲ ಹಾಕಿ ಮುಚ್ಚಬಹುದು, ತೆಗೆಯಲಾಗುವುದಿಲ್ಲ. ಪ್ಯಾಕೆಟ್ ಒಳಗೆ ಬಿಳಿ ಮಂಜು, ಒಣಗಿದ ಬಿಳಚು ಮೂಲೆಗಳು ಕಂಡರೆ ಗಾಳಿ ಉಳಿದಿತ್ತು ಎಂದರ್ಥ. ಅಪಾಯವಿಲ್ಲ, ಆ ಭಾಗ ರುಚಿ ಕಳೆದುಕೊಂಡಿರುತ್ತದೆ ಅಷ್ಟೇ. ತೀರಾ ಹುಳಿ ಎನಿಸಿದರೆ ಜವಾರಿ ಪಾಲು ಹೆಚ್ಚಾಗಿದೆ. ಅಡುಗೆ ಸೋಡಾ ಹಾಕಿ ಹುಳಿ ಮುರಿಯಲು ಹೋಗಬೇಡಿ, ಬಣ್ಣ, ರುಚಿ ಎರಡೂ ಹಾಳು. ಸಾರಿಗೆ ಹುಣಸೆ ಕಡಿಮೆ ಮಾಡಿದರೆ ಮುಗಿಯಿತು.

ಮಸಾಲೆ ಹಾಕಿಯೇ ಫ್ರೀಜ್ ಮಾಡಿದರೆ ಕೆಲಸ ಉಳಿಯಿತಲ್ಲ ಎನ್ನಬಹುದು. ಉಳಿಯುವುದಿಲ್ಲ. ಬೆಳ್ಳುಳ್ಳಿ, ಲವಂಗ, ಮೆಣಸು ಚಳಿಯಲ್ಲಿ ತಿಂಗಳುಗಟ್ಟಲೆ ಕೂತರೆ ಒಗರಾಗಿ ಮುಂದೆ ಬರುತ್ತವೆ, ಈರುಳ್ಳಿ ಮಂಕಾಗುತ್ತದೆ. ಎಣ್ಣೆ ಹಾಕಿದ್ದರೆ ಲೈಕೋಪೀನ್ ಅದರಲ್ಲಿ ಕರಗಿ ಪ್ಲಾಸ್ಟಿಕ್ ಡಬ್ಬಿಗೆಲ್ಲ ಕಿತ್ತಳೆ ಕಲೆ. ಉಪ್ಪನ್ನೂ ಬಿಟ್ಟರೆ ಯಾವ ಅಡುಗೆಗೆ ಎಷ್ಟು ಬೇಕೋ ಆಗ ಹಾಕಬಹುದು.

ಕರೆಂಟ್ ಹೋದಾಗ ಫ್ರೀಜರ್ ಬಾಗಿಲು ತೆರೆದು ನೋಡುವುದೇ ದೊಡ್ಡ ನಷ್ಟ. ತುಂಬಿದ ಡೀಪ್ ಫ್ರೀಜರ್ ಮುಚ್ಚಿಯೇ ಇದ್ದರೆ ಎರಡು ದಿನದವರೆಗೂ, ಅರ್ಧ ತುಂಬಿದ್ದರೆ ಒಂದು ದಿನ ಹಿಡಿಯುತ್ತದೆ ಎನ್ನುವುದು ಸಾಮಾನ್ಯ ಲೆಕ್ಕ; ನಮ್ಮ ಬೇಸಿಗೆಗೆ ಅದರಲ್ಲಿ ಒಂದಷ್ಟು ಕಳೆಯಿರಿ. ಖಾಲಿ ಜಾಗವಿದ್ದರೆ ನೀರು ತುಂಬಿದ ಪ್ಲಾಸ್ಟಿಕ್ ಬಾಟಲಿ, ಕತ್ತಿನವರೆಗೆ ತುಂಬದೆ, ಇಟ್ಟು ಮಂಜು ಮಾಡಿಟ್ಟರೆ ಚಳಿ ಹಿಡಿಯುತ್ತದೆ. ಊರಿಗೆ ಹೋಗುವವರು ಒಂದು ಲೋಟ ನೀರು ಪೂರ್ತಿ ಮಂಜು ಮಾಡಿ, ಅದರ ಮೇಲೊಂದು ನಾಣ್ಯ ಇಟ್ಟು ಹೋಗಿ. ಬಂದಾಗ ನಾಣ್ಯ ತಳ ಸೇರಿದ್ದರೆ ನಡುವೆ ಎಲ್ಲ ಕರಗಿ ಮತ್ತೆ ಹೆಪ್ಪುಗಟ್ಟಿದೆ. ಅಂಥ ಪ್ಯಾಕೆಟ್ ಎಸೆಯಿರಿ, ಎಷ್ಟು ಹೊತ್ತು ಬೆಚ್ಚಗಿತ್ತೆಂದು ಹೇಳುವವರಿಲ್ಲ. ಕಣ್ಣೆದುರೇ ಅರೆ ಕರಗಿ ಒಳಗಿನ್ನೂ ಮಂಜಿನ ಹರಳು ಉಳಿದಿದ್ದರೆ ಮತ್ತೆ ಫ್ರೀಜ್ ಮಾಡಬಹುದು, ಸ್ವಲ್ಪ ತೆಳುವಾಗುತ್ತದೆ. ಪೂರ್ತಿ ಕರಗಿ ತಣ್ಣಗಿರುವುದನ್ನು ಅಂದೇ ಕುದಿಸಿ ಬಳಸಿ.

ಬಳಸುವಾಗ

ಅನುಪಾತ ನೆನಪಿಟ್ಟುಕೊಂಡರೆ ಸಾಕು: 100 ಗ್ರಾಂ ಸಾಸ್ ಅಂದರೆ 250 ಗ್ರಾಂ ಹಸಿ ಹಣ್ಣು, ಹೆಚ್ಚುಕಡಿಮೆ ಮೂರು ಮಧ್ಯಮ ಟೊಮೆಟೊ. ಐದಾರು ಜನರ ಸಾರಿಗೆ ಕಾಲು ಪ್ಯಾಕೆಟ್, ಒಂದು ಕೆ.ಜಿ. ಅಕ್ಕಿಯ ಟೊಮೆಟೊ ಬಾತಿಗೆ ಒಂದು ಪೂರ್ತಿ ಪ್ಯಾಕೆಟ್. ಬಾತಿಗೆ ಹಸಿ ಹಣ್ಣು ಬಿಡುತ್ತಿದ್ದ ನೀರು ಇದರಲ್ಲಿಲ್ಲ, 400 ಗ್ರಾಂ ಸಾಸಿಗೆ ಎಸರನ್ನು ಎರಡೂವರೆಯಿಂದ ಮೂರು ಲೋಟ ಹೆಚ್ಚಿಗೆ ಇಡಿ, ಇಲ್ಲದಿದ್ದರೆ ಅಕ್ಕಿ ಬಿರುಸು ಉಳಿಯುತ್ತದೆ. ಒಗ್ಗರಣೆ ಮಂಡಕ್ಕಿಗೆ ಬಳಸುವುದಾದರೆ ಇದಕ್ಕೆ ತಿರುಗಾಮುರುಗಾ, ನೀರು ಕಡಿಮೆ ಇರುವುದೇ ಲಾಭ: ಈರುಳ್ಳಿ, ಹಸಿಮೆಣಸಿನಕಾಯಿ ಬಾಡಿದ ಮೇಲೆ ಎರಡು ಚಮಚ ಸಾಸ್ ಹಾಕಿ ಎಣ್ಣೆ ಬಿಡುವವರೆಗೆ ಹುರಿದರೆ ಮಂಡಕ್ಕಿ ಮೆತ್ತಗಾಗುವುದಿಲ್ಲ.

ಕರಗಿಸಲು ಅಡುಗೆಕಟ್ಟೆಯ ಮೇಲೆ ಇಟ್ಟು ಕಾಯಬೇಡಿ. ಹಿಂದಿನ ರಾತ್ರಿ ಫ್ರಿಜ್ಜಿಗೆ ಇಳಿಸಿ, ಅಥವಾ ಚೀಲ ಸೀಳಿ ಗಟ್ಟಿ ಹಲಗೆಯನ್ನೇ ಒಗ್ಗರಣೆಗೆ ಹಾಕಿ, ಉರಿ ಸಣ್ಣದಿರಲಿ, ಎಣ್ಣೆ ಸಿಡಿಯುತ್ತದೆ. ಅರ್ಧ ಪ್ಯಾಕೆಟ್ ಸಾಕಾದರೆ ಗಟ್ಟಿಯಿದ್ದಾಗಲೇ ಚೀಲದೊಳಗೇ ಮುರಿದುಕೊಳ್ಳಿ, ಎರಡು ಸೆಂ.ಮೀ. ಹಲಗೆ ಕೈಗೆ ಮುರಿಯುತ್ತದೆ. ತುಂಬುವ ದಿನವೇ ಚೀಲದ ನಡುವೆ ಕಡ್ಡಿ ಒತ್ತಿ ಅಡ್ಡ ಉದ್ದ ಗೆರೆ ಹಾಕಿಟ್ಟಿದ್ದರೆ ನಾಲ್ಕು ಸಮ ತುಂಡು, ತೂಗುವ ಕೆಲಸವೂ ಇಲ್ಲ. ಕರಗಿದ ಉಳಿಕೆ ಫ್ರಿಜ್ಜಿನಲ್ಲಿ ಮೂರು ದಿನ. ಚೀಲ ಉಬ್ಬಿದ್ದರೆ ರುಚಿ ನೋಡಲು ಹೋಗದೆ ಎಸೆಯಿರಿ.